ಒಂದೇ ಡ್ರಾಯರಿನ ಮೊಹರುಗಳು

ಇಸೊಬೆ
1996 ನವೆಂಬರ್ 10

ಚಿಗುಸಾ,

ಕಾಕಿ ಹಣ್ಣು ಒಣಗಿವೆ, ಕಳಿಸುತ್ತಿದ್ದೇನೆ. ಬೈಯುವ ಮೊದಲು ಮಗುವಿನ ಬಾಯಿ ಸಿಹಿ ಮಾಡಬೇಕು ಎಂದು ನಿನ್ನ ದೊಡ್ಡಮ್ಮನ ಅಪ್ಪಣೆ.

ಈಗ ಬೈಗುಳ. ಮೊನ್ನೆ ಬೆಟ್ಟದ ಆಸ್ಪತ್ರೆಯ ಕಚೇರಿಯಿಂದ ಸೊಗಾ ಎಂಬ ಮನುಷ್ಯ ಅಂಗಡಿಗೆ ಬಂದ. ಮೊಹರು ಕೆತ್ತಿಸಲು ಬಂದ ಗಿರಾಕಿ ಎಂದುಕೊಂಡು ನಾನು ಕನ್ನಡಕ ಏರಿಸಿ ಮರದ ತುಂಡುಗಳ ತಟ್ಟೆಯನ್ನು ಮುಂದಿಟ್ಟೆ. ಅವನು ನನ್ನ ಕಿವಿಯ ಹತ್ತಿರ ಬಾಗಿ, "ನಿಮ್ಮ ತಮ್ಮನ ಮಗಳು ಹೇಳದೆ ಕೇಳದೆ ಕೆಲಸ ಬಿಟ್ಟು ಹೋಗಿದ್ದಾಳೆ, ಗೊತ್ತಾ ಯಜಮಾನರೇ?" ಎಂದು ಕೂಗಿದ. ನನ್ನ ಕಿವಿ ಮಂದ, ಬೀದಿಯದಲ್ಲ. ಎದುರಿನ ತೋಫು ಅಂಗಡಿಯವಳು ಕೈಕೆಲಸ ನಿಲ್ಲಿಸಿ ನೋಡಿದಳು.

ನೀನೇನು ಮರೆತಿಲ್ಲ ತಾನೆ? ನರ್ಸಿಂಗ್ ಶಾಲೆಯ ಖರ್ಚು ಪೂರ್ತಿ ಅವರದು. ಲೈಸೆನ್ಸ್ ಬಂದ ಮೇಲೆ ಮೂರು ವರ್ಷ ಅವರಲ್ಲೇ ದುಡಿಯಬೇಕು. ನಡುವೆ ಬಿಟ್ಟರೆ ಕೊಟ್ಟದ್ದನ್ನೆಲ್ಲ ಒಮ್ಮೆಗೇ ಕಕ್ಕಬೇಕು. ಆ ಮುಚ್ಚಳಿಕೆಗೆ ಜಾಮೀನು ನಿಂತವನು ನಾನು. ನಿನಗೆ ಲೈಸೆನ್ಸ್ ಬಂದು ಇನ್ನೂ ವರ್ಷ ತುಂಬಿಲ್ಲ. ಅದು ಕಚೇರಿಯ ತಿಜೋರಿಯಲ್ಲಿದೆಯಂತೆ, ನೀನು ವಾಪಸು ಬರುವ ತನಕ ಅಲ್ಲೇ ಇರುತ್ತದಂತೆ.

ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುವ ಹಾಗಾಯಿತು. ಏನಾಯಿತು ಬರೆ. ಗಂಡಸಿನ ವಿಷಯವಾದರೆ ದೊಡ್ಡಮ್ಮನಿಗೆ ಬರೆ, ನನಗೆ ಬೇಡ. ಇವಳು ಕೆಳಗೆ ಒಂದು ಸಾಲು ಗೀಚುತ್ತಾಳಂತೆ, ಪೆನ್ನು ಕಿತ್ತುಕೊಳ್ಳುತ್ತಿದ್ದಾಳೆ.

ನಿನ್ನ ದೊಡ್ಡಪ್ಪ

ಇವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ. ಒಸಾಕಾದಲ್ಲೂ ಚಳಿ ಇರುತ್ತದೆ, ಒಳಗೆ ಉಣ್ಣೆಯದು ಹಾಕಿಕೋ. – ದೊಡ್ಡಮ್ಮ


ಒಸಾಕಾ
1996 ನವೆಂಬರ್ 24

ದೊಡ್ಡಪ್ಪನವರಿಗೆ,

ಹಣ್ಣು ಬಂದವು. ಒಂದೇ ಸಲಕ್ಕೆ ತಿಂದು ಮುಗಿಸಿದೆ, ದೊಡ್ಡಮ್ಮನಿಗೆ ಹೇಳಬೇಡಿ.

ಗಂಡಸಿನ ವಿಷಯ ಏನೂ ಇಲ್ಲ. ಆ ಕೆಲಸ ನನಗೆ ಆಗಿಬರಲಿಲ್ಲ, ಅಷ್ಟೇ. ಇಲ್ಲಿ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಸೇರಿಕೊಂಡಿದ್ದೇನೆ. ಡಾಕ್ಟರು ಮುದುಕರು, ಒಳ್ಳೆಯವರು, ಮಧ್ಯಾಹ್ನ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಾರೆ.

ಆಸ್ಪತ್ರೆಯವರ ವಿಷಯ ನಾನೇ ಸರಿ ಮಾಡಿಕೊಳ್ಳುತ್ತೇನೆ. ನೀವು ಆ ಬೆಟ್ಟ ಹತ್ತಬೇಡಿ. ಇಪ್ಪತ್ತು ತುಂಬಿದಾಗ ಸಹಿಯ ಬದಲು ಒತ್ತಲೆಂದು ನೀವು ಕೆತ್ತಿಕೊಟ್ಟ ನನ್ನ ಮೊಹರು ನಿಮ್ಮ ಡ್ರಾಯರಿನಲ್ಲೇ ಇದೆ, ಅಲ್ಲೇ ಇರಲಿ. ಇಲ್ಲಿ ಬಾಡಿಗೆ ಕೋಣೆ, ಕಳೆದುಹೋದರೆ ಕಷ್ಟ.

ದೊಡ್ಡಮ್ಮನಿಗೆ ಹೇಳಿ, ಹಾಕಿಕೊಂಡಿದ್ದೇನೆ, ಎರಡು ಹಾಕಿಕೊಂಡಿದ್ದೇನೆ.

ಚಿಗುಸಾ


ಇಸೊಬೆ
1997 ಜನವರಿ 12

ಚಿಗುಸಾ,

ಹೊಸ ವರ್ಷ ಬಂತು, ಹೋಯಿತು. ಅಂಟಂಟಾದ ಅಕ್ಕಿ ಕಡುಬು ಈ ಸಲ ತೋಫು ಅಂಗಡಿಯವಳು ಕೊಟ್ಟಳು. ಗಂಟಲಲ್ಲಿ ಸಿಕ್ಕಿಕೊಂಡು ಸಾಯುವ ವಯಸ್ಸು ನನ್ನದು ಎಂದು ಕತ್ತರಿಯಿಂದ ಚೂರು ಚೂರು ಮಾಡಿ ಕೊಟ್ಟಳು. ಮರ್ಯಾದೆ ಹೋಯಿತು, ಹೊಟ್ಟೆ ತುಂಬಿತು.

ದೊಡ್ಡಮ್ಮ ಚೆನ್ನಾಗಿದ್ದಾಳೆ. ಮೂಲಂಗಿ ಉಪ್ಪಿಗೆ ಹಾಕುತ್ತಿದ್ದಾಳೆ. ಕೈಯೆಲ್ಲ ಉಪ್ಪು, ಅದಕ್ಕೆ ಈ ಸಲ ಅವಳ ಸಾಲು ಇಲ್ಲ.

ಆಸ್ಪತ್ರೆಯವರ ಬಗ್ಗೆ ನೀನು ಹೆದರಬೇಡ. ಜನ ಅಂದುಕೊಂಡಷ್ಟು ಕೆಟ್ಟವರಲ್ಲ. ನಾವು ತಗ್ಗಿದರೆ ಅವರೂ ತಗ್ಗುತ್ತಾರೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅನ್ನುವುದನ್ನಷ್ಟೇ ನೆನಪಿಟ್ಟುಕೋ.

ನಿನ್ನ ಗೊರಕೆ ಡಾಕ್ಟರ ಕ್ಲಿನಿಕ್ಕಿನ ಹೆಸರೇನು? ಹೊಸ ವರ್ಷದ ಕಾರ್ಡು ಕಳಿಸೋಣ ಅಂದುಕೊಂಡೆ, ಹೆಸರೇ ಗೊತ್ತಿಲ್ಲ.

ದೊಡ್ಡಪ್ಪ


ಒಸಾಕಾ
1997 ಫೆಬ್ರವರಿ 2

ದೊಡ್ಡಪ್ಪನವರಿಗೆ,

ಮೂಲಂಗಿಯನ್ನು ದೊಡ್ಡಮ್ಮ ನವೆಂಬರಿನಲ್ಲೇ ಉಪ್ಪಿಗೆ ಹಾಕಿ ಮುಗಿಸುತ್ತಾರೆ, ನನಗೆ ಗೊತ್ತಿಲ್ಲವೇ? ಫೋನ್ ಮಾಡಿದೆ, ಬಾರಿಸಿ ಬಾರಿಸಿ ನಿಂತಿತು. ನಿಮಗೆ ಕೇಳುವುದಿಲ್ಲ ಸರಿ, ದೊಡ್ಡಮ್ಮನೂ ಎತ್ತುವುದಿಲ್ಲ. ನನ್ನ ಮೇಲೆ ಸಿಟ್ಟಾಗಿದ್ದಾರೆ ಅಂತ ನೇರವಾಗಿ ಬರೆಯಬಹುದಿತ್ತು. ಊರ ಮುಂದೆ ತಲೆ ತಗ್ಗಿಸುವಂತೆ ಮಾಡಿದೆ, ಸಿಟ್ಟು ಬರಲಿ. ಆದರೆ ಬೈದಾದರೂ ಒಂದು ಸಾಲು ಬರೆಯಲಿ ಅಂತ ಹೇಳಿ.

ಈಗ ಮುಖ್ಯ ಮಾತು. ನಿಮಗೆ ಹೇಳಿದರೆ ಬೇಡ ಅನ್ನುತ್ತೀರಿ ಅಂತ ಇಷ್ಟು ದಿನ ಹೇಳಲಿಲ್ಲ. ಡಿಸೆಂಬರಿನಿಂದ ನಾನು ಒಬ್ಬ ವಕೀಲರ ಹತ್ತಿರ ಹೋಗುತ್ತಿದ್ದೇನೆ. ಕುಮೆ ಅಂತ, ಹೆಂಗಸು, ಮಾತು ಕಡಿಮೆ. ಅವರು ಮುಚ್ಚಳಿಕೆ ಓದಿ, "ಇದು ನಿಲ್ಲಲ್ಲ ಕಣಮ್ಮ" ಅಂದರು. ಬಿಟ್ಟುಹೋದರೆ ಇಷ್ಟು ಕೊಡಬೇಕು ಅಂತ ಮೊದಲೇ ಬರೆಸಿಕೊಂಡು ಯಾರನ್ನೂ ಕೆಲಸದಲ್ಲಿ ಕೂಡಿಹಾಕುವ ಹಾಗಿಲ್ಲವಂತೆ. ಕಾನೂನೇ ಹಾಗೆ ಹೇಳುತ್ತದಂತೆ. ತಮಗೆ ಬೇಕಾದ ನರ್ಸುಗಳನ್ನು ತಯಾರು ಮಾಡಿಕೊಂಡ ಖರ್ಚು ಅವರದು, ಸಾಲ ಅಲ್ಲ. ಲೈಸೆನ್ಸನ್ನಂತೂ ಇಟ್ಟುಕೊಳ್ಳಲು ಅವರಿಗೆ ಹಕ್ಕೇ ಇಲ್ಲ.

ಅವರು ಕೋರ್ಟಿಗೆ ಹೋಗಿದ್ದಾರೆ, ನಾವೂ ಹೋಗುತ್ತೇವೆ. ಗೆಲ್ಲುತ್ತೇವೆ ಅಂತ ಕುಮೆ ಹೇಳಲಿಲ್ಲ, ಆದರೆ ಸೋಲುತ್ತೇವೆ ಅಂತಲೂ ಹೇಳಲಿಲ್ಲ. ಒಂದೇ ಎಚ್ಚರಿಕೆ ಕೊಟ್ಟಿದ್ದಾರೆ: ಆಸ್ಪತ್ರೆಯವರು ಯಾವ ಕಾಗದ ತಂದರೂ, ಎಷ್ಟು ನಯವಾಗಿ ಕೇಳಿದರೂ, ನೀವಾಗಲಿ ನಾನಾಗಲಿ ಮೊಹರು ಒತ್ತಬಾರದು. ದಯವಿಟ್ಟು, ದೊಡ್ಡಪ್ಪ.

ಚಿಗುಸಾ


ಇಸೊಬೆ
1997 ಫೆಬ್ರವರಿ 11

ಚಿಗುಸಾ,

ಕಾಗದ ಓದಿದೆ. ಮತ್ತೊಮ್ಮೆ ಓದಿದೆ. ಮೊಹರು ಒತ್ತಬಾರದು. ಸರಿ.

ಇಲ್ಲಿ ಹಿಮ ಬಿದ್ದು ಬಂದರಿನ ದಾರಿ ಮುಚ್ಚಿದೆ. ದೊಡ್ಡಮ್ಮನಿಗೆ ನಿನ್ನ ಮೇಲೆ ಸಿಟ್ಟಿಲ್ಲ. ಇದೊಂದನ್ನು ನಂಬು.

ನಿನ್ನ ವಕೀಲರನ್ನು ಒಂದು ಮಾತು ಕೇಳಿ ಹೇಳು: ಬರೀ ಮರ್ಯಾದೆಗೆಂದು ಒತ್ತಿದ ಮೊಹರಿಗೂ ಕೋರ್ಟಿನಲ್ಲಿ ಬೆಲೆ ಇದೆಯೇ? ಅಂಗಡಿಗೆ ಬಂದವರೊಬ್ಬರು ಕೇಳಿದರು, ಅದಕ್ಕೆ.

ದೊಡ್ಡಪ್ಪ


ಒಸಾಕಾ
1997 ಮೇ 18

ದೊಡ್ಡಪ್ಪನವರಿಗೆ,

ಅಂಗಡಿಗೆ ಬಂದವರೊಬ್ಬರು ಯಾರು ಅಂತ ಈಗ ಗೊತ್ತಾಯಿತು. ಫೆಬ್ರವರಿಯಲ್ಲಿ ನಾನು ಕುಮೆಯವರನ್ನು ಕೇಳಲೂ ಇಲ್ಲ, ಗಿರಾಕಿಯ ಚಿಂತೆ ನಮಗೇಕೆ ಅಂತ ಬಿಟ್ಟುಬಿಟ್ಟೆ.

ಆಸ್ಪತ್ರೆಯವರು ಕೋರ್ಟಿಗೆ ಹೊಸದೊಂದು ಕಾಗದ ಕೊಟ್ಟಿದ್ದಾರೆ. ಡಿಸೆಂಬರ್ 16ರದು. ಶಾಲೆಯ ಖರ್ಚಿಗೂ ಕೆಲಸಕ್ಕೂ ಸಂಬಂಧವಿಲ್ಲ, ಅದು ನಾನು ಸ್ವಂತಕ್ಕೆ ಬೇಡಿ ಪಡೆದ ಕೈಸಾಲ, ತೀರಿಸುವ ತನಕ ಲೈಸೆನ್ಸನ್ನು ನಾನೇ ಮನಸಾರೆ ಅವರ ಬಳಿ ಇಟ್ಟಿದ್ದೇನೆ ಅಂತ ಬರೆದಿದೆ. ಕೆಳಗೆ ನಿಮ್ಮ ಮೊಹರು. ಅದರ ಪಕ್ಕದಲ್ಲಿ ನನ್ನದು.

"ಈ ಮೊಹರು ನಿನ್ನದೇನಾ, ನೋಡಿ ಹೇಳು" ಅಂದರು ಕುಮೆ. ನೋಡುವುದೇನಿದೆ? ಯಾರೂ ನಕಲು ಮಾಡಬಾರದು ಅಂತ ಬಲ ಅಂಚಿನಲ್ಲಿ ನೀವು ಬೇಕೆಂದೇ ಬಿಟ್ಟ ಗೀರು ಅಲ್ಲೇ ಇದೆ. ಪುರಸಭೆಯಲ್ಲಿ ನೋಂದಾಯಿಸಿದ ಮೊಹರು. ಅದು ಬಿದ್ದರೆ ನಾನೇ ಒತ್ತಿದಂತೆ ಅಂತ ಕೋರ್ಟು ತಿಳಿಯುತ್ತದೆ.

ಏನು ನಡೆಯಿತು ಬರೆಯಿರಿ. ಹಿಮದ ಸುದ್ದಿ ಬೇಡ.

ಚಿಗುಸಾ


ಇಸೊಬೆ
1997 ಮೇ 25

ಚಿಗುಸಾ,

ಬರೆಯುತ್ತೇನೆ.

ಡಿಸೆಂಬರಿನಲ್ಲಿ ಆ ಕಡೆ ಹೋಗಬೇಕಾದ ಕೆಲಸ ಬಂತು. ಹೋಗುವಾಗ ಬರಿಗೈಯಲ್ಲಿ ಹೋಗುವುದು ಹೇಗೆ? ಮನೆಯ ಹುಡುಗಿ ಹೇಳದೆ ಬಿಟ್ಟುಬಂದಿದ್ದಾಳೆ, ಹಿರಿಯರು ಹೋಗಿ ತಲೆ ಬಾಗಿಸಬೇಕಾದ್ದು ನ್ಯಾಯ. ಒಳ್ಳೆಯ ಅಂಗಡಿಯ ಸಿಹಿ ಯೋಕನ್ ಡಬ್ಬಿ ಕಟ್ಟಿಸಿಕೊಂಡೆ. ಬರುವಾಗ ಮನೆಯವರ ಮೊಹರು ತನ್ನಿ ಎಂದು ಸೊಗಾ ಹೇಳಿ ಕಳಿಸಿದ್ದ. ಡ್ರಾಯರಿನಲ್ಲಿದ್ದುದನ್ನೆಲ್ಲ ಚೀಲಕ್ಕೆ ಹಾಕಿಕೊಂಡೆ.

"ಅಯ್ಯೋ ಯಜಮಾನರೇ, ಇದೆಲ್ಲ ಯಾಕೆ ತರೋಕೆ ಹೋದ್ರಿ" ಅನ್ನುತ್ತಲೇ ಡಬ್ಬಿಯನ್ನು ಒಳಗಿಟ್ಟ. ಆಮೇಲೆ ಆ ಕಾಗದ ತೆಗೆದ. "ಏನಿಲ್ಲ, ಕಡತದಲ್ಲಿ ಒಂದು ಇರಲಿ ಅಂತ. ಇದಿದ್ರೆ ಹುಡುಗಿ ನಾಳೆ ವಾಪಸ್ ಬಂದ್ರೂ ಅವಳ ಹೆಸರಿಗೆ ಮಸಿ ಇರಲ್ಲ."

"ಅವಳನ್ನ ಒಂದು ಮಾತು ಕೇಳ್ಬೇಕಲ್ಲ" ಅಂದೆ.

"ಕೇಳಿ ಒತ್ತೋ ಪದ್ಧತಿನಾ ನಿಮ್ಮ ಮನೇಲಿ?" ಅಂದ.

ಇಲ್ಲ ಎಂದು ತಲೆಯಾಡಿಸಿದೆ. ನಿನ್ನ ಅಪ್ಪ ಸಮುದ್ರದಿಂದ ವಾಪಸು ಬಾರದ ಮೇಲೆ ನಿನ್ನ ಶಾಲೆಯ ಅರ್ಜಿ, ವಿಮೆ, ಹಾಸ್ಟೆಲಿನ ಕರಾರು, ಯಾವುದಕ್ಕೆ ನಿನ್ನನ್ನು ಕೇಳಿದ್ದೆ? ನನ್ನದು, ದೊಡ್ಡಮ್ಮನದು, ನಿನ್ನದು, ಒಂದೇ ಡ್ರಾಯರಿನಲ್ಲಿ ಮಲಗಿರುತ್ತಿದ್ದವು. ಬೇಕಾದುದನ್ನು ತೆಗೆದು ಒತ್ತುತ್ತಿದ್ದೆ. ಕಾಗದವನ್ನು ಓದಿದೆನೇ ಎಂದು ಕೇಳಬೇಡ. ಎದುರಿಗೆ ಕೂತ ಮನುಷ್ಯನ ಮುಂದೆ ಸಾಲು ಸಾಲಾಗಿ ಓದುವುದು ಅಂದರೆ ಅವನ ಮೇಲೆ ನಂಬಿಕೆ ಇಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆ. ನನ್ನದಲ್ಲ, ನಿನ್ನದು.

ಫೆಬ್ರವರಿಯಲ್ಲೇ ನಿನಗೆ ಹೇಳಬೇಕಿತ್ತು. ಗೆಲ್ಲುತ್ತೇನೆ ಅನ್ನುವ ಉಮೇದಿನಲ್ಲಿ ನೀನು ಬರೆದಿದ್ದೆ, ನನಗೆ ಬಾಯಿ ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ದೊಡ್ಡಪ್ಪ ನನ್ನ ಮೊಹರು ಕದ್ದು ಒತ್ತಿದ" ಎಂದು ಕೋರ್ಟಿನಲ್ಲಿ ಹೇಳಿಬಿಡು. ನಾನೂ ಹೌದು ಅನ್ನುತ್ತೇನೆ. ಮುದುಕನಿಗೆ ಏನು ಮಾಡುತ್ತಾರೆ?

ದೊಡ್ಡಪ್ಪ


ಒಸಾಕಾ
1997 ಜೂನ್ 8

ದೊಡ್ಡಪ್ಪನವರಿಗೆ,

ಏನು ಮಾಡುತ್ತಾರೆ ಅಂತ ಕುಮೆಯವರನ್ನು ಕೇಳಿದೆ. ಬೇರೆಯವರ ಮೊಹರು ಕದ್ದು ಒತ್ತುವುದು ಪೊಲೀಸರ ವಿಷಯ ಆಗಬಹುದಂತೆ. ಜೈಲಿಗೆ ಹಾಕಲಿಕ್ಕಿಲ್ಲ. ಆದರೆ ಮೊಹರು ಕೆತ್ತುವವನೇ ಕಳ್ಳಮೊಹರು ಒತ್ತಿದ ಅಂದರೆ ಇಸೊಬೆಯಲ್ಲಿ ನಿಮ್ಮ ಅಂಗಡಿಯ ಮೆಟ್ಟಿಲು ಯಾರು ಹತ್ತುತ್ತಾರೆ? ನಾನು ಹಾಗೆ ಹೇಳುವುದಿಲ್ಲ. ಕೇಳದೆ ಒತ್ತಿದರು ಅಂತ ಮಾತ್ರ ಹೇಳಿದರೆ ಸಾಕು, ನೀವು ಸಾಕ್ಷಿಗೆ ಬಂದು ಅಷ್ಟನ್ನೇ ಹೇಳಿ ಅಂತ ಕುಮೆ ಹೇಳುತ್ತಿದ್ದಾರೆ.

ನಿಮಗೆ ಹೇಳದೆ ಉಳಿಸಿಕೊಂಡದ್ದು ನನ್ನಲ್ಲೂ ಇದೆ. ಗೊರಕೆ ಹೊಡೆಯುವ ಡಾಕ್ಟರು ಯಾರೂ ಇಲ್ಲ. ಲೈಸೆನ್ಸ್ ತೋರಿಸದೆ ಯಾವ ಕ್ಲಿನಿಕ್ಕೂ ಸೇರಿಸಿಕೊಳ್ಳುವುದಿಲ್ಲ. ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿದ್ದೇನೆ. ಡಬ್ಬಿಗಳನ್ನು ಹೊತ್ತ ಪಟ್ಟಿ ಓಡುತ್ತಾ ಇರುತ್ತದೆ, ನನ್ನ ಪಾಲಿಗೆ ಬಂದದ್ದು ಕುಂಬಳದ ಹೋಳು. ನರ್ಸ್ ಆಗಬೇಕು ಅಂತ ಎಷ್ಟು ಆಸೆಪಟ್ಟಿದ್ದೆ ಅಂತ ನಿಮಗೆ ಗೊತ್ತು. ಆ ಆಸೆ ಇನ್ನೂ ಹೋಗಿಲ್ಲ, ಅದೇ ಕಷ್ಟ.

ದೊಡ್ಡಮ್ಮನ ಸಾಲು ಈ ಸಲವೂ ಇರಲಿಲ್ಲ.

ಚಿಗುಸಾ


ಇಸೊಬೆ
1997 ಜೂನ್ 15

ಚಿಗುಸಾ,

ಬರುತ್ತೇನೆ. ಕೋಟು ಒಗೆಯಲು ಕೊಟ್ಟಿದ್ದೇನೆ. ಕೇಳದೆ ಒತ್ತಿದೆ ಎಂದು ಹೇಳುವುದು, ಅಷ್ಟೇ ತಾನೆ? ದಿನಾ ಅಂಗಡಿಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ. ತೋಫು ಅಂಗಡಿಯವಳು ನನಗೆ ಅರಳುಮರಳು ಹಿಡಿಯಿತು ಅಂದುಕೊಂಡಿದ್ದಾಳೆ.

ದೊಡ್ಡಪ್ಪ


ಒಸಾಕಾ
1997 ಸೆಪ್ಟೆಂಬರ್ 21

ದೊಡ್ಡಪ್ಪನವರಿಗೆ,

ಮೊನ್ನೆ ಕೋರ್ಟಿನಲ್ಲಿ ನಡೆದದ್ದರಲ್ಲಿ ಅರ್ಧ ನಿಮಗೆ ಕೇಳಿಸಲೇ ಇಲ್ಲ. ನಿಲ್ದಾಣದಲ್ಲಿ, "ಸರಿಯಾಗಿ ಹೇಳಿದೆನಾ?" ಅಂತ ಕೇಳಿದಿರಿ. ಹೌದು ಅನ್ನುವಂತೆ ತಲೆಯಾಡಿಸಿದೆ. ಅಷ್ಟು ಜನರ ನಡುವೆ ಅದನ್ನು ಕೂಗಿ ಹೇಳಲು ಆಗಲಿಲ್ಲ. ಈಗ ಬರೆಯುತ್ತಿದ್ದೇನೆ.

ಕೇಳದೆ ಒತ್ತಿದೆ ಅಂತ ನೀವು ಹೇಳಿದಿರಿ, ಸ್ಪಷ್ಟವಾಗಿ ಹೇಳಿದಿರಿ. ಆಮೇಲೆ ಅವರ ವಕೀಲ ಎದ್ದ. ಅವನು ಕೂಗಲಿಲ್ಲ, ನಿಮ್ಮ ಪಕ್ಕಕ್ಕೇ ಬಂದು ಮಾತಾಡಿದ.

"ಮನೆಯವರ ಮೊಹರೆಲ್ಲ ಒಂದೇ ಡ್ರಾಯರಲ್ಲಿ, ಅಲ್ವಾ ತಾತ?"

"ಹೌದು."

"ಇವಳ ಶಾಲೆ ಕಾಗದ, ವಿಮೆ, ಎಲ್ಲಕ್ಕೂ ನೀವೇ ಒತ್ತಿದ್ದು?"

"ನಾನಲ್ದೆ ಇನ್ಯಾರು?"

"ಒಂದು ಸಲಾನಾದ್ರೂ ಇವಳು ಬೇಡ ಅಂದಿದ್ಲಾ?"

"ನಮ್ಮ ಹುಡುಗಿ ಅಂಥವಳಲ್ಲ" ಅಂದಿರಿ. ಹೆಮ್ಮೆಯಿಂದ ಅಂದಿರಿ. ಕುಮೆಯವರು ಪೆನ್ನಿನ ಮುಚ್ಚಳ ಹಾಕಿದರು.

"ಹಾಗಾದ್ರೆ ಈ ಸಲ ಮಾತ್ರ ಕದ್ದು ಒತ್ತಿದ್ರಾ?"

"ಕದ್ದು? ಯಾರು, ನಾನಾ?" ಅಂತ ನೀವು ಎದ್ದು ನಿಂತಿರಿ. ನ್ಯಾಯಾಧೀಶರು ಕೂರಲು ಹೇಳಿದ್ದು ನಿಮಗೆ ಕೇಳಲಿಲ್ಲ. ನಾನು ಬೇಡ ಅಂದಿದ್ದ ಮಾತನ್ನೇ ಅವನು ನಿಮ್ಮ ಮೇಲೆ ಎಸೆದ, ನೀವು ಅದನ್ನು ಕೊಡವಿಕೊಂಡಿರಿ. ನನಗೆ ಸಿಟ್ಟಿಲ್ಲ. ನೀವು ಹೌದು ಅಂದಿದ್ದರೆ ನಾನೇ ಎದ್ದು ಸುಳ್ಳು ಅಂತ ಕೂಗುತ್ತಿದ್ದೆ. ಒತ್ತುವ ಹಕ್ಕನ್ನು ಮನೆಯವರು ಮೊದಲಿಂದಲೂ ನಿಮಗೆ ಬಿಟ್ಟುಕೊಟ್ಟಿದ್ದರು ಅಂತ ತೀರ್ಪು ಬರುತ್ತದೆ, ಇನ್ನು ಆಸೆ ಇಟ್ಟುಕೊಳ್ಳಬೇಡ ಅಂದರು ಕುಮೆ.

ಆದರೆ ಆಮೇಲಿನದು. "ಅವತ್ತು ಆಸ್ಪತ್ರೆಗೆ ಯಾಕೆ ಬಂದಿದ್ರಿ?" ಅಂತ ಅವನು ಕೇಳಿದ. "ನಮ್ಮವಳನ್ನ ನೋಡೋಕೆ" ಅಂದಿರಿ. "ಮೂರನೇ ಮಹಡೀಲಿ. ಬಾವಿ ಹತ್ರ ಜಾರಿ ಬಿದ್ದು ಸೊಂಟ ಮುರ್ಕೊಂಡಳು. ನೋಡ್ಕೊಳ್ತಿದ್ದಾರೆ, ನಮ್ಮ ಹುಡುಗಿ ಮಾಡಿದ್ದನ್ನ ಮನಸ್ಸಿಗೆ ಹಾಕ್ಕೊಂಡಿಲ್ಲ, ದೊಡ್ಡ ಮನಸ್ಸು ಅವರದು."

ನೀವು ನನ್ನ ಕಡೆ ನೋಡಿದಿರಿ. ಬಾಯಿ ತಪ್ಪಿ ಬಂದದ್ದು ಅಂತ ಗೊತ್ತಾಯಿತು. ಜನವರಿಯಿಂದ ಇಲ್ಲಿಯ ತನಕ ದೊಡ್ಡಮ್ಮ ನನ್ನ ಮೇಲೆ ಸಿಟ್ಟಾಗಿದ್ದಾರೆ ಅಂದುಕೊಂಡಿದ್ದೆ.

ಈಗ ನಾನು ಹೇಳದೆ ಇಟ್ಟದ್ದನ್ನು ಕೇಳಿ. ನಾನು ಕೆಲಸ ಮಾಡುತ್ತಿದ್ದದ್ದು ಮೂರನೇ ಮಹಡಿಯಲ್ಲಿ. ಅಲ್ಲಿ ಮುದುಕರು ಹೆಚ್ಚು, ನೋಡಿಕೊಳ್ಳುವ ಕೈ ಕಡಿಮೆ. ಸೂಜಿ ಕಿತ್ತುಕೊಳ್ಳುತ್ತಾರೆ, ಮಂಚದಿಂದ ಇಳಿಯುತ್ತಾರೆ ಅಂತ ಬಟ್ಟೆಯ ಪಟ್ಟಿಯಿಂದ ಅವರ ಕೈಗಳನ್ನು ಮಂಚದ ಕಂಬಿಗೆ ಕಟ್ಟುತ್ತಾರೆ. ಮನೆಯವರು ಬರುವ ಹೊತ್ತಿಗೆ ಮೊದಲು ಬಿಚ್ಚುತ್ತಾರೆ. ಕಟ್ಟುವುದು ಹೊಸಬರ ಕೆಲಸ. ಗಂಟು ಹಾಕುವುದನ್ನು ಹೆಡ್ ನರ್ಸ್ ನನಗೆ ಮೊದಲ ವಾರವೇ ಕಲಿಸಿದರು. ಆ ಕೈಗಳನ್ನು ಕಟ್ಟಲಾರದೆ ಬಿಟ್ಟುಬಂದೆ. ನಿಮಗೆ ಬರೆಯಲು ನಾಚಿಕೆಯಾಯಿತು. ಬರೆದಿದ್ದರೆ ನೀವು ದೊಡ್ಡಮ್ಮನನ್ನು ಅಲ್ಲಿಗೆ ಸೇರಿಸುತ್ತಿರಲಿಲ್ಲ.

ಚಿಗುಸಾ


ಇಸೊಬೆ
1997 ಸೆಪ್ಟೆಂಬರ್ 26

ಚಿಗುಸಾ,

ಅವಳ ಮಣಿಕಟ್ಟಿನಲ್ಲಿ ಕೆಂಪು ಗೆರೆ ಇತ್ತು. ಎರಡರಲ್ಲೂ. ಕೇಳಿದ್ದೆ. ಅಂಟುಪಟ್ಟಿಯ ಗುರುತು ಅಂದರು. ಪಾಪ ಎಷ್ಟು ಕಷ್ಟಪಡುತ್ತಾರೆ ಎಂದು ನಾನು ಬಗ್ಗಿ ನಮಸ್ಕಾರ ಮಾಡಿ ಬಂದೆ. ಒಂದು ಸಲ ಅಲ್ಲ, ಹೋದಾಗಲೆಲ್ಲ.

ನಿನ್ನ ಕಾಗದ ಬಂದ ಕೂಡಲೇ ಹತ್ತಿ ಹೋದೆ. ಹೊತ್ತಲ್ಲದ ಹೊತ್ತಿಗೆ ಒಳಗೆ ಬಿಡಲಿಲ್ಲ. ಸೊಗಾ ಬಂದು, "ಬೇಡ ಅಂದ್ರೆ ಮನೆಗೆ ಕರ್ಕೊಂಡು ಹೋಗಿ ಯಜಮಾನರೇ, ನಾವು ಹಿಡ್ಕೊಂಡಿಲ್ಲ" ಅಂದ. ಹೇಗೆ ಕರೆದುಕೊಂಡು ಹೋಗಲಿ? ಅವಳನ್ನು ಎತ್ತಿ ಕೂರಿಸಲು ನನ್ನ ಕೈಲಾಗುವುದಿಲ್ಲ. ಪಕ್ಕದೂರಿನ ಆಸ್ಪತ್ರೆಯಲ್ಲಿ ಕೇಳಿದೆ, ಜಾಗವಿಲ್ಲ, ಹೆಸರು ಬರೆಸಿ ಹೋಗಿ ಅಂದರು. ಬರೆಸಿ ಬಂದೆ.

"ಮಗುವಿಗೆ ಹೇಳಬೇಡಿ, ಹೇಳಿದರೆ ವಾಪಸು ಓಡಿಬರುತ್ತಾಳೆ" ಎಂದು ಬಿದ್ದ ದಿನವೇ ದೊಡ್ಡಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು. ನೀನು ಬರಬೇಡ. ಬಂದರೆ ಅವಳು ನನ್ನನ್ನು ಬಿಡುವುದಿಲ್ಲ.

ಅಂಗಡಿ ಮುಚ್ಚಿದ್ದೇನೆ. ಮೊಹರು ಒತ್ತುವ ಕೆಂಪು ಬಣ್ಣದ ಬಟ್ಟಲನ್ನು ಕಣ್ಣಿಗೆ ಬೀಳದಂತೆ ಬಟ್ಟೆ ಮುಚ್ಚಿಟ್ಟಿದ್ದೇನೆ. ನಿನ್ನ ಮೊಹರಿನ ಮುಖವನ್ನು ಉಜ್ಜುಕಲ್ಲಿನ ಮೇಲೆ ತಿಕ್ಕಿ ತಿಕ್ಕಿ ಬೋಳು ಮಾಡಿದೆ. ಈಗೇನು ಪ್ರಯೋಜನ ಎಂದು ನೀನು ಕೇಳುತ್ತೀಯ. ಏನೂ ಇಲ್ಲ.

ದೊಡ್ಡಪ್ಪ


ಬೆಟ್ಟದ ಆಸ್ಪತ್ರೆಯ ಹಾಸ್ಟೆಲ್, ಇಸೊಬೆ
1997 ನವೆಂಬರ್ 9

ದೊಡ್ಡಪ್ಪನವರಿಗೆ,

ಒಂದೇ ಊರಿನಿಂದ ಕಾಗದ ಬರೆಯುವುದು ವಿಚಿತ್ರವಾಗಿದೆ. ಮುಂದಿನ ಭಾನುವಾರ ಕೆಳಗೆ ಬರುತ್ತೇನೆ. ಆದರೆ ಇದನ್ನು ನಿಮ್ಮ ಕಿವಿಯಲ್ಲಿ ಕೂಗಿ ಹೇಳುವ ಶಕ್ತಿ ನನಗಿಲ್ಲ.

ರಾಜಿ ಆಯಿತು. ಉಳಿದ ವರ್ಷಗಳನ್ನು ಇಲ್ಲೇ ದುಡಿದು ಮುಗಿಸಿದರೆ ಅವರು ದಾವೆ ಬಿಡುತ್ತಾರೆ, ಲೈಸೆನ್ಸ್ ಆಗ ಕೊಡುತ್ತಾರೆ. ಓಡಿಹೋಗಿದ್ದ ತಿಂಗಳುಗಳನ್ನೂ ಅದರ ಮೇಲೆ ಸೇರಿಸಿದ್ದಾರೆ. ಇಷ್ಟಕ್ಕೇ ಒಪ್ಪಬೇಡ ಅಂತ ಕುಮೆಯವರು ಹೇಳಿದರು. ನನ್ನದೊಂದೇ ಷರತ್ತು ಅವರು ಒಪ್ಪಿದರು: ಮೂರನೇ ಮಹಡಿಗೇ ಹಾಕಬೇಕು ಅಂತ. ಅದನ್ನು ಯಾರೂ ಕೇಳಿ ಪಡೆಯುವುದಿಲ್ಲವಾದ್ದರಿಂದ ಸೊಗಾ ನಕ್ಕ. ಕಾಗದಕ್ಕೆ ಒತ್ತಲು ಸ್ಟೇಷನರಿ ಅಂಗಡಿಯಲ್ಲಿ ನಮ್ಮ ಮನೆತನದ ಹೆಸರಿನ ಸಿದ್ಧ ಮೊಹರೊಂದನ್ನು ಕೊಂಡೆ. ಪ್ಲಾಸ್ಟಿಕ್ಕಿನದು. ನಿಮಗೆ ತೋರಿಸುವುದಿಲ್ಲ. ಈ ಸಲ ಕಾಗದವನ್ನು ಪೂರ್ತಿ ಓದಿದೆ. ಓದಿದ್ದರಿಂದ ಒಂದಕ್ಷರವೂ ಬದಲಾಗಲಿಲ್ಲ.

ದೊಡ್ಡಮ್ಮ ಸಣ್ಣಗಾಗಿದ್ದಾರೆ. ಕೆಲವೊಮ್ಮೆ ನನ್ನನ್ನು ಗುರುತಿಸುತ್ತಾರೆ, ಕೆಲವೊಮ್ಮೆ ಬಂದರಿನ ಯಾವುದೋ ಹೆಂಗಸಿನ ಹೆಸರು ಹಿಡಿದು ಕರೆಯುತ್ತಾರೆ. ನನ್ನ ಪಾಳಿಯಲ್ಲಿ ಅವರ ಕೈ ಬಿಚ್ಚಿಡುತ್ತೇನೆ. ಪಾಳಿ ಮುಗಿದ ಮೇಲೆ ಮುಂದಿನವರು ಕಟ್ಟುತ್ತಾರೆ. ಬಿಚ್ಚಿಟ್ಟರೆ ದೊಡ್ಡಮ್ಮನ ಪಕ್ಕದಲ್ಲೇ ಕೂರಬೇಕು, ಕೂತಿದ್ದರೆ ಉಳಿದವರನ್ನು ನೋಡಲು ಆಗುವುದಿಲ್ಲ. ಅದಕ್ಕೆ ಉಳಿದವರ ಕೈಗಳನ್ನು ನಾನು ಕಟ್ಟುತ್ತೇನೆ, ದೊಡ್ಡಪ್ಪ. ಗಂಟು ಮರೆತಿರಲಿಲ್ಲ. ಇದನ್ನು ಯಾರಿಗಾದರೂ ಹೇಳಬೇಕಿತ್ತು.

ಇವತ್ತು ದೊಡ್ಡಮ್ಮನಿಗೆ ಬುದ್ಧಿ ತಿಳಿಯಾಗಿದೆ. ಯಾರಿಗೆ ಬರೆಯುತ್ತಿದ್ದೀಯ ಅಂತ ಕೇಳಿದರು. ಹೇಳಿದೆ. ಪೆನ್ನು ಕೊಡು ಅನ್ನುತ್ತಿದ್ದಾರೆ. ಬೆರಳು ಮಡಚುವುದಕ್ಕೆ ಆಗುತ್ತಿಲ್ಲ, ನಾನು ಕೈ ಹಿಡಿದುಕೊಂಡಿದ್ದೇನೆ. ಮಾತು ಅವರದೇ.

ಚಿಗುಸಾ

ಮಗು ನನಗೋಸ್ಕರ ಬಂದಿದೆ. ಕರೆಸಬೇಡಿ ಅಂದಿದ್ದೆನಲ್ಲ. ನಾನು ಸತ್ತ ಮೇಲಾದರೂ ಇವಳನ್ನು ಬಿಡುತ್ತಾರಾ, ಕಚೇರಿಯಲ್ಲಿ ಕೇಳಿ ನೋಡಿ. ಬರಿಗೈಲಿ ಹೋಗಬೇಡಿ. – ದೊಡ್ಡಮ್ಮ